ತ್ಯಾಗಿಯ ಮಗಳ ಫೋಟೋ

ಜುಲೈ ೧೪, ಸೋಮವಾರ

"ಮೇಡಂ, ಆಪ್ ಕೀ ಹಿಂದಿ ಮೇ ಸಾಂಬಾರ್ ಕೀ ಬೂ ಆತೀ ಹೈ." ನನ್ನ ಹಿಂದಿಗೆ ಸಾಂಬಾರಿನ ವಾಸನೆಯಂತೆ! ದೆಹಲಿಯ ಲಕ್ಷ್ಮೀ ನಗರದಲ್ಲಿ ಕೋಚಿಂಗ್ ಸೆಂಟರ್ ನಡೆಸುವ ಆ ತ್ಯಾಗಿ, ಅಲ್ಲಿ ಇಷ್ಟು ವರ್ಷ ಫಿಸಿಕ್ಸ್ ಕಲಿಸಿದ ನನ್ನನ್ನು ಹೀಗೆ ಎಲ್ಲರೆದುರು ನಗಾಡಿ ಹೊರಗೆ ಹಾಕಿದ. ಆ ನಗು ಇನ್ನೂ ಕಿವಿಯಿಂದ ಹೋಗಿಲ್ಲ.

ಇವತ್ತು ಸಂಜೆ ನನ್ನದೇ ಆನ್‌ಲೈನ್ ಎಂಟ್ರೆನ್ಸ್ ಕ್ಲಾಸ್ ಶುರುವಾಯಿತು, ನೋಯ್ಡಾದಲ್ಲಿ ನಮ್ಮೂರಿನ ಜಯಾನಂದಣ್ಣನ ಹೋಟೆಲಿನ ಮೇಲಿನ ಕೋಣೆಯಿಂದ. ಕೆಳಗೆ ನಿಜವಾದ ಸಾಂಬಾರು ಕುದಿಯುತ್ತಿತ್ತು. ಕುದಿಯಲಿ, ವಾಸನೆ ಸ್ಕ್ರೀನ್ ದಾಟುವುದಿಲ್ಲ.

ಪಾಠ ಮುಗಿದು ಎಲ್ಲರೂ ಹೋದ ಮೇಲೆ ಒಬ್ಬಳು ಉಳಿದು ಕ್ಯಾಮೆರಾ ಆನ್ ಮಾಡಿದಳು. ನೋಡಿದರೆ ತ್ಯಾಗಿಯ ಮಗಳು ಗರಿಮಾ! ನಾನು ಹೋದ ಮೇಲೆ ಅಪ್ಪನ ಕೋಚಿಂಗಿನಲ್ಲಿ ಫಿಸಿಕ್ಸ್ ಏನೂ ತಲೆಗೆ ಹತ್ತುವುದಿಲ್ಲವಂತೆ.

"ಮ್ಯಾಮ್, ಪಾಪಾ ಕೋ ಮತ್ ಬತಾನಾ, ಪ್ಲೀಸ್" ಎಂದು ಗೋಗರೆದಳು. ಅಪ್ಪನಿಗೆ ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಹುಡುಗಿಯ ಮೇಲೆ ನನಗೇನೂ ಸಿಟ್ಟಿಲ್ಲ. ಯಾರಿಗೂ ಕಲಿಸದಷ್ಟು ಚೆನ್ನಾಗಿ ಅವಳಿಗೆ ಕಲಿಸುತ್ತೇನೆ. ರ‍್ಯಾಂಕ್ ಬಂದವರ ಫೋಟೋ ಹಾಕಿ ಮೆಟ್ರೋ ಕಂಬಗಳಿಗೆಲ್ಲ ಪೋಸ್ಟರ್ ಅಂಟಿಸುವುದು ಆ ಬೀದಿಯ ರೂಢಿ. ಮುಂದಿನ ವರ್ಷ ತ್ಯಾಗಿಯ ಗೇಟಿನೆದುರಿನ ಕಂಬಕ್ಕೆ ನನ್ನ ಪೋಸ್ಟರ್ ಹತ್ತುತ್ತದೆ, ಅದರ ತುಂಬ ಅವನ ಮಗಳ ಮುಖ.

ಕೊಟ್ಟ ಮಾತಿಗೆ ತಪ್ಪುವುದಿಲ್ಲ, ನಾನು ಬಾಯಿ ಬಿಡುವುದಿಲ್ಲ. ಕಂಬವೇ ಹೇಳಲಿ.