ಸಿಪಾಯಿ ಕೆಲಸದ ಪ್ರವಚನ

ವಾದಿ ಅದಾಯ್, ಮಸ್ಕತ್
12-3-1994

ಮಾನ್ಯ ಫಾದರ್,

ಸಿಪಾಯಿ ಕೆಲಸಕ್ಕಿಂತ ಗೌರವದ್ದು ಬೇರೆ ಇಲ್ಲವೆಂದು ಎರಡು ವರ್ಷದ ಹಿಂದೆ ಒಂದು ಶುಕ್ರವಾರದ ರಜೆಯ ಪೂಜೆಯಲ್ಲಿ ನೀವು ಹೇಳಿದ್ದನ್ನು ಕೇಳಿಯೇ ನಮ್ಮ ಮಗ ಮೈಕಲ್ ಇಲ್ಲಿಯ ಶೋರೂಮ್ ಬಿಟ್ಟು, ಊರಿಗೆ ಹೋಗಿ ಸೈನ್ಯ ಸೇರಿದ. ಹೋದ ತಿಂಗಳು ಕಾಶ್ಮೀರದಲ್ಲಿ ತೀರಿಕೊಂಡ.

ನಿನ್ನೆ ಫೋನಿನಲ್ಲಿ ನೀವು, "ಸ್ಟ್ಯಾನ್ಲಿ, ಅದು ನನ್ನ ಮಾತಲ್ಲ ಮಾರಾಯ್ರೆ. ನೀವು ಕೊಟ್ಟ ಪುಸ್ತಕದ್ದು" ಎಂದಿರಿ. ಇಲ್ಲಿಯ ಸೈನ್ಯದಲ್ಲಿದ್ದ ಬ್ರಿಟಿಷ್ ಮೇಜರೊಬ್ಬ ನನ್ನಲ್ಲಿ ಬಿಟ್ಟುಹೋದ ಆ ಹಳೆಯ ಪ್ರವಚನಗಳ ಪುಸ್ತಕವನ್ನು ನಾನು ಓದದೆ ನಿಮಗೆ ಕೊಟ್ಟದ್ದು ನಿಜ. ಒಳ್ಳೇ ವ್ಯಾಪಾರ ಫಾದರ್: ಮಾತು ಮುನ್ನೂರೈವತ್ತು ವರ್ಷದ ಹಿಂದಿನ ಲಂಡನ್ ಪಾದ್ರಿಯದು, ಪುಸ್ತಕ ನನ್ನದು, ಜನರ ಹೊಗಳಿಕೆ ಮಾತ್ರ ನಿಮ್ಮದು.

ಅದರಲ್ಲಿ ಸಿಪಾಯಿಯ ತಾಯಿಗೆ ಹೇಳುವ ಮಾತೇನಾದರೂ ಇದ್ದರೆ ಪುಟಕ್ಕೆ ಗುರುತಿಟ್ಟು ಕಳುಹಿಸಿ, ಅವನ ತಾಯಿ ಡೊರೊತಿಗೆ ಓದಿ ಹೇಳುತ್ತೇನೆ. ಇಲ್ಲದಿದ್ದರೆ ನೀವೇ ಮನೆಗೆ ಬನ್ನಿ. ಈ ಸಲ ನಿಮ್ಮದೇ ಮಾತು ತನ್ನಿ.

ಇಂತಿ,
ಪುಸ್ತಕ ಕೊಟ್ಟ ಸ್ಟ್ಯಾನ್ಲಿ