ಆರು ಗಂಟೆಯ ಹಳದಿ

ಪಂಪ್‌ಹೌಸ್ ಹಿಂದಿನ ಕ್ವಾರ್ಟರ್ಸ್, ಮೂರನೇ ನಂಬರ್
ತಾರೀಖು 17, ಬುಧವಾರ ಮಧ್ಯಾಹ್ನ

ಪ್ರೀತಿಯ ಗುಬ್ಬೀ,

ಅಪ್ಪನ ಆಶೀರ್ವಾದ. ಆಶೀರ್ವಾದ ಬೇಡವೆನಿಸಿದರೆ ಅದನ್ನು ಪಕ್ಕಕ್ಕಿಟ್ಟು ಪ್ರೀತಿಯನ್ನಷ್ಟೇ ತೆಗೆದುಕೋ, ಅದಕ್ಕೆ ನಿನ್ನ ತಕರಾರು ಇರಲಾರದು. ಸೊಂಟನೋವು ಹೇಗಿದೆ? ವಾರ್ಡಿನಲ್ಲಿ ದಿನವಿಡೀ ನಿಂತೇ ಇರಬೇಡ ಮಗಳೇ. ರೋಗಿಗಳಿಗೆ ಗದರಿಸಿ ಉಣ್ಣಿಸಿ, ತಾನು ಬಿಸ್ಕತ್ತಿನಲ್ಲಿ ದಿನ ತಳ್ಳುವ ನರ್ಸಮ್ಮ ನೀನು ಎಂದು ನನಗೆ ಚೆನ್ನಾಗಿ ಗೊತ್ತು. ಮೇಲೆ ಗೀಟೆಳೆದು ಹೊಡೆದುಹಾಕಿದ ಸಾಲೊಂದು ಕಾಣುತ್ತಿದೆಯಲ್ಲ, ಅಲ್ಲಿ ‘ನಾನು ಕ್ಷೇಮ’ ಎಂದು ಬರೆದಿದ್ದೆ. ಸುಳ್ಳು ಬರೆಯುವುದು ಈ ಕೈಗೆ ಎಷ್ಟು ಸಲೀಸಾಗಿಬಿಟ್ಟಿದೆ ನೋಡು. ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ಹೇಳಿದ್ದನ್ನು ಹಾಗಲ್ಲ ಹೀಗೆ ಎಂದು ತಿರುಗಿಸಿಬಿಡುತ್ತೇನೆ, ಅದಕ್ಕೇ ಕಾಗದ.

ಎರಡು ವರ್ಷದ ಹಿಂದೆ ನೀನು ನರ್ಸ್ ಕೆಲಸಕ್ಕೆಂದು ಚೀಲ ಹೆಗಲಿಗೇರಿಸಿ ಹೊರಟಾಗ ಬಾಗಿಲಲ್ಲಿ ನಿಂತು ನಾನು ಆಡಿದ ಮಾತು ನಿನಗೆ ಮರೆತಿರಲಾರದು. “ದೇವರಿಗೆ ಹೆದರದವಳ ಕೈಗೆ ಜನ ಸೂಜಿ ಚುಚ್ಚಿಸ್ಕೊಳ್ಳೋಕೆ ತೋಳು ಹೇಗೆ ಕೊಡ್ತಾರೆ?” ಅಂದಿದ್ದೆ. ನೀನು ತಿರುಗಿ, “ಆ ತೋಳಿಗೇ ಹೆದರ್ತೀನಪ್ಪ, ಸಾಕಲ್ವಾ?” ಅಂದೆ. ಸಾಲದು ಎಂದು ನಾನು ಬಾಗಿಲು ಹಾಕಿಕೊಂಡೆ. ಆ ಬಾಗಿಲು ಈಗ ನನ್ನ ಮುಖಕ್ಕೇ ಬಡಿದಿದೆ, ಕೇಳು.

ನನ್ನ ಕೆಲಸ ನಿನಗೆ ಗೊತ್ತಿರುವುದೇ. ಗಂಟೆಗೊಮ್ಮೆ ಗಾಜಿನ ಕೊಳವೆಗೆ ನೀರು ಹಿಡಿದು ಔಷಧಿಯ ಹನಿ ಬಿಡಬೇಕು. ಹಳದಿ ಬಂದರೆ ನೀರಿಗೆ ಕ್ಲೋರಿನ್ ಸೇರಿದೆ, ಊರಿಗೆ ಬಿಡಬಹುದು. ಬಣ್ಣ ಬಾರದಿದ್ದರೆ ವಾಲ್ವ್ ಮುಚ್ಚಬೇಕು. ಚಿಕ್ಕವಳಿದ್ದಾಗ ಆ ಕೊಳವೆಯನ್ನು ಕಿಟಕಿಗೆ ಹಿಡಿದು, ಅಪ್ಪ ಬಿಸಿಲನ್ನು ಬಾಟಲಿಗೆ ತುಂಬುತ್ತಾನೆ ಎಂದು ಗೆಳತಿಯರಿಗೆಲ್ಲ ಕೊಚ್ಚಿಕೊಂಡವಳು ನೀನು. ನೀನು ಅರಿಯದ ಒಂದು ವಿಷಯವಿದೆ. ನಿನ್ನ ಅಮ್ಮ ಕಣ್ಣು ಮುಚ್ಚಿದ್ದು ಬೆಳಗಿನ ಆರು ಗಂಟೆಗೆ. ಅಂದಿನಿಂದ ಎಲ್ಲೇ ಇರಲಿ, ಆರಕ್ಕೆ ಸರಿಯಾಗಿ ಕಾಲು ಗಂಟೆ ಅವಳಿಗಾಗಿ ಪ್ರಾರ್ಥನೆ ಎಂದು ಹರಕೆ ಹೊತ್ತೆ. ನನ್ನ ಪಾಳಿ ಶುರುವಾಗುವುದೂ ಆರಕ್ಕೇ, ಮೊದಲ ಪರೀಕ್ಷೆಯೂ ಆರಕ್ಕೇ. ಪ್ರಾರ್ಥನೆ ಐದು ನಿಮಿಷ ತಡವಾಗಿದ್ದರೆ ಅವಳೇನು ಬೇಸರ ಮಾಡಿಕೊಳ್ಳುತ್ತಿದ್ದಳೇ? ಆದರೂ ಹರಕೆಗೆ ಚ್ಯುತಿ ಬರಬಾರದೆಂದು, ಆರಕ್ಕೆ ಮೊದಲೇ ಬಂದು ರಿಜಿಸ್ಟರಿನಲ್ಲಿ ‘ಹಳದಿ, ಸರಿ’ ಎಂದು ಬರೆದಿಟ್ಟು ಕಣ್ಣು ಮುಚ್ಚುತ್ತಿದ್ದೆ. ಹನ್ನೊಂದು ವರ್ಷ ಹೀಗೇ ನಡೆಯಿತು. ಹನ್ನೊಂದು ವರ್ಷವೂ ಏಳು ಗಂಟೆಗೆ ನೋಡಿದಾಗ ನೀರು ಹಳದಿಯಾಗಿಯೇ ಇತ್ತು.

ಹೋದ ಬುಧವಾರ ಏಳು ಗಂಟೆಗೆ ಬಣ್ಣ ಬರಲಿಲ್ಲ. ಇನ್ನೊಂದು ಕೊಳವೆ ಹಿಡಿದೆ, ಮತ್ತೊಂದು ಹಿಡಿದೆ, ಬರೀ ತಿಳಿನೀರು. ಓಡಿ ನೋಡಿದರೆ ಕ್ಲೋರಿನ್ ಹೋಗುವ ಸಣ್ಣ ಪೈಪು ಕಟ್ಟಿಕೊಂಡಿತ್ತು. ತಂತಿ ಹಾಕಿ ಬಿಡಿಸಿದೆ. ಆಗಲಾದರೂ ವಾಲ್ವ್ ಮುಚ್ಚಿ, ನೀರು ಕುದಿಸಿ ಕುಡಿಯಿರಿ ಎಂದು ಬೀದಿಬೀದಿಗೆ ಹೇಳಿಸಬಹುದಿತ್ತು. ಹೇಳಿಸಿದರೆ ಆರರ ಸಾಲು ಸುಳ್ಳೆಂದು ಗೊತ್ತಾಗುತ್ತಿತ್ತು. ಏಳರ ಸಾಲಿನಲ್ಲೂ ‘ಹಳದಿ, ಸರಿ’ ಎಂದು ಬರೆದೆ. ಬಣ್ಣ ಬಾರದ ಕೊಳವೆಗಳನ್ನು ತೊಳೆದು ಕಪಾಟಿನಲ್ಲಿಟ್ಟೆ, ಗುಬ್ಬೀ.

ಶುಕ್ರವಾರದ ಹೊತ್ತಿಗೆ ಬೇಕರಿ ಹಿಂದಿನ ಬೀದಿಯಲ್ಲಿ ಮೂವತ್ತೊಂದು ಜನಕ್ಕೆ ವಾಂತಿಭೇದಿ. ಒಬ್ಬರನ್ನು ಬಿಟ್ಟು ಮಿಕ್ಕವರು ಚೇತರಿಸಿಕೊಂಡರು. ನಿನ್ನ ಸ್ಕೂಲ್ ಯೂನಿಫಾರಂ ಹೊಲಿದುಕೊಡುತ್ತಿದ್ದ ಟೈಲರ್‌ನ ತಾಯಿ ಇನ್ನೂ ಆಸ್ಪತ್ರೆಯಲ್ಲಿದ್ದಾಳೆ, ಗ್ಲೂಕೋಸ್ ಮೇಲಿದ್ದಾಳೆ, ಯಾರ ಗುರುತೂ ಹಿಡಿಯುತ್ತಿಲ್ಲ. ನಿನ್ನೆ ಕಿಟಕಿಯಿಂದ ಇಣುಕಿ ನೋಡಿ ಒಳಗೆ ಹೋಗಲಾರದೆ ಬಂದೆ. ಅಷ್ಟು ವಯಸ್ಸಾದವರಿಗೆ ಇದು ಎಷ್ಟು ದಿನದಲ್ಲಿ ವಾಸಿಯಾಗುತ್ತದೆ? ನೀನು ನೋಡಿದವಳು, ನಿಜ ಹೇಳು.

ತಪ್ಪು ಈಗ ಯಾಕಪ್ಪನ ತಲೆಗೆ ಬಂದಿದೆ. ರಾತ್ರಿ ಪಾಳಿಯವನು. ಯಾರು ಏನು ಹೇಳಿದರೂ “ಯಾಕೆ?” ಅನ್ನುತ್ತಾನೆಂದು ನಾವೇ ಇಟ್ಟ ಹೆಸರು. ದೇವರಿದ್ದಾನೆ ಎಂದರೂ “ಯಾಕೆ?” ಅನ್ನುವವನೇ. ನನ್ನ ಸಾಲುಗಳು ಸರಿ ಇವೆ, ಹಾಗಾದರೆ ಕೆಟ್ಟ ನೀರು ಹೋದದ್ದು ಅವನ ಪಾಳಿಯಲ್ಲೇ ಎಂದು ಆಫೀಸಿನವರ ಲೆಕ್ಕ. ದೇವರ ಭಯವಿಲ್ಲದವನು, ನಿದ್ದೆ ಹೊಡೆದು ಏನು ಗೀಚಿದನೋ ಅನ್ನುತ್ತಾರೆ. ನನ್ನ ಕಡೆ ತೋರಿಸಿ, ಇವರು ಪ್ರಾರ್ಥನೆ ತಪ್ಪಿಸದ ಮನುಷ್ಯ, ಇವರನ್ನು ನೋಡಿ ಕಲಿ ಅನ್ನುತ್ತಾರೆ. ಆ ಮಾತು ಕೇಳಿದಾಗ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಯಾಕಪ್ಪನಿಗೆ ಎಲ್ಲ ಗೊತ್ತು. ನಾಲ್ಕು ವರ್ಷದ ಹಿಂದೆಯೇ ಒಂದು ಬೆಳಿಗ್ಗೆ, “ಯಾಕಣ್ಣ, ನೋಡ್ದೇನೇ ಬರೀತೀರಾ?” ಎಂದು ಕೇಳಿದ್ದ. “ದೇವರು ನೋಡ್ಕೋತಾನೆ ಬಿಡೋ” ಎಂದು ನಕ್ಕಿದ್ದೆ. ಮೊನ್ನೆ ಗೇಟಿನ ಹತ್ತಿರ ಸಿಕ್ಕಿದಾಗ, ನೀನಾದರೂ ಹೇಳಿಬಿಡಬಹುದಲ್ಲ ಎಂದು ಕೇಳಿದೆ. ಎಂಥ ಮಾನಗೆಟ್ಟವನು ನಾನು! “ನಾನು ಹೇಳಿದ್ರೆ ಯಾರು ನಂಬ್ತಾರಣ್ಣ?” ಎಂದು ಸೈಕಲ್ ಹತ್ತಿ ಹೋದ.

ನಿನ್ನೆ ದೇವರ ಮುಂದೆ ಕೂತು ಮಗುವಿನ ಹಾಗೆ ಅತ್ತೆ. ಒಂದೂ ಬಿಡದೆ ಹೇಳಿಕೊಂಡೆ. ಎದ್ದಾಗ ಮನಸ್ಸು ಹಗುರವಾಗಿತ್ತು, ಎಷ್ಟೋ ದಿನದ ಮೇಲೆ ಹೊಟ್ಟೆ ತುಂಬ ಊಟ ಮಾಡಿದೆ. ಕೈ ತೊಳೆಯುವಾಗ ಹೆದರಿಕೆ ಹಿಡಿಯಿತು. ಟೈಲರ್‌ನ ತಾಯಿ ಆಸ್ಪತ್ರೆಯಲ್ಲಿ ಹಾಗೇ ಮಲಗಿದ್ದಾಳೆ, ಯಾಕಪ್ಪನ ಮೇಲಿನ ಆರೋಪ ಹಾಗೇ ಇದೆ, ಹಗುರವಾದವನು ನಾನೊಬ್ಬನೇ. ಹನ್ನೊಂದು ವರ್ಷವೂ ಹೀಗೇ ಹಗುರವಾಗಿದ್ದೆನೇನೋ.

ಹಾಗೆಂದು ವಾದದಲ್ಲಿ ಗೆದ್ದೆ ಎಂದು ಹಿಗ್ಗಬೇಡ. ನಮ್ಮ ವಾಲ್ವ್‌ಮ್ಯಾನ್ ಕೂಡ ದೇವರಿಲ್ಲ ಎನ್ನುವವನೇ, ಮಧ್ಯಾಹ್ನದ ಡ್ಯೂಟಿಯಲ್ಲಿ ಅವನ ಗೊರಕೆಗೆ ಪಂಪಿನ ಸದ್ದೇ ಕೇಳಿಸುವುದಿಲ್ಲ. ನಿನ್ನ ಅಮ್ಮ ದೇವರನ್ನು ನಂಬಿದವಳು. ಪಕ್ಕದ ಮನೆಯ ಬಟ್ಟಲು ಕೈಜಾರಿ ಒಡೆದರೆ, ಒಲೆ ಹೊತ್ತಿಸುವ ಮೊದಲು ಹೋಗಿ ಹೇಳಿ ಬರುತ್ತಿದ್ದಳು. ಪ್ರಾರ್ಥನೆ ಏನಿದ್ದರೂ ಆಮೇಲೆ. ಅವಳ ಹೆಸರಿನಲ್ಲಿ ಹರಕೆ ಹೊತ್ತ ನನಗೆ ಅವಳಿಂದ ಕಲಿಯಬೇಕಾದದ್ದು ಅದೊಂದೇ ಆಗಿತ್ತು, ಅದನ್ನೇ ಬಿಟ್ಟೆ. ಬಾಯಿಬಿಟ್ಟರೆ ನನ್ನ ಕೆಲಸ ಹೋಗುತ್ತದೆ, ಈ ಮನೆ ಹೋಗುತ್ತದೆ, ಒಳ್ಳೆಯವನೆಂಬ ಹೆಸರೂ ಹೋಗುತ್ತದೆ. ಹೆಸರು ಹೋಗುವುದಕ್ಕೇ ಹೆಚ್ಚು ಹೆದರುತ್ತಿದ್ದೇನೆ ಎಂದು ನಾಚಿಕೆಯಿಂದ ಬರೆಯುತ್ತಿದ್ದೇನೆ.

ನಿನ್ನ ಜೊತೆ ಕೋಣೆಯಲ್ಲಿರುವ ಹುಡುಗಿಗೆ ನೆನಪು ತಿಳಿಸು. ಸ್ವೆಟರ್ ಹಾಕಿಕೋ, ನಿನಗೆ ಶೀತ ಬೇಗ ಹಿಡಿಯುತ್ತದೆ. ನಿನ್ನ ಕೈ ಮುಟ್ಟಿದವರೆಲ್ಲ ಬೇಗ ಎದ್ದು ಓಡಾಡಲಿ. ಅಂದು ಬಾಗಿಲಲ್ಲಿ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡಿದ್ದೇನೆ, ಮಗಳೇ.

ಇಂತು ನಿನ್ನ
ಅಪ್ಪ

ತಾ.ಕ.: ಇದರ ಜೊತೆ ಮಡಚಿಟ್ಟ ಇನ್ನೊಂದು ಹಾಳೆಯಿದೆ. ನಡೆದದ್ದನ್ನೆಲ್ಲ ಇಂಜಿನಿಯರ್ ಸಾಹೇಬರಿಗೆ ಬರೆದು ಸಹಿ ಹಾಕಿದ್ದೇನೆ. ನಾಡಿದ್ದು ಶುಕ್ರವಾರ ಹತ್ತು ಗಂಟೆಗೆ ಆಫೀಸಿನಲ್ಲಿ ಯಾಕಪ್ಪನ ವಿಚಾರಣೆ. ಎದ್ದು ನಿಂತು ಹೇಳಬೇಕೆಂದಿದ್ದೇನೆ, ಆದರೆ ನನ್ನ ಬಾಯನ್ನು ನಾನು ಬಲ್ಲೆ. ಈ ಕಾಗದ ನಿನಗೆ ಶನಿವಾರ ಸಿಗುತ್ತದೆ. ‘ಹೇಳಿದೆ’ ಎಂದು ಅಷ್ಟರೊಳಗೆ ನಾನು ಫೋನ್ ಮಾಡಿರದಿದ್ದರೆ ಆ ಹಾಳೆಯನ್ನು ಅವರಿಗೆ ಕಳಿಸಿಬಿಡು. ಬೇಡ ಎಂದು ನಾನೇ ಗೋಗರೆದರೂ ಕಳಿಸು. ದೇವರು ನನ್ನನ್ನು ಕ್ಷಮಿಸಿಬಿಡುತ್ತಾನೆ. ನೀನು ಅಷ್ಟು ಸುಲಭಕ್ಕೆ ಬಿಡುವವಳಲ್ಲ, ಅದಕ್ಕೇ ನಿನ್ನ ಕೈಗೆ ಕೊಡುತ್ತಿದ್ದೇನೆ. ಈಗಲೇ ಹೋಗಿ ಅಂಚೆಡಬ್ಬಕ್ಕೆ ಹಾಕಿ ಬರುತ್ತೇನೆ. ಪ್ರಾರ್ಥನೆಗೆ ಕೂತರೆ ಮತ್ತೆ ಹಗುರವಾಗಿಬಿಡುತ್ತೇನೆ.