ಎಡಕ್ಕೆ ಹೊರಳಿದ ಕೊಂಡಿಗಳು

ಇಳಕಲ್ಲ,
ಮಂಗಳವಾರ, ಸಂಜೆ ಆರು ಗಂಟೆ

ಮಗಳೇ ಮಹೇಶ್ವರಿ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನ್ನ ಮಾತು ನಿಂತುಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮಪ್ಪ ತೀರಿಹೋದ ಮೇಲೆ ಇವತ್ತು ಅವರ ಮಗ್ಗವೂ ಮನೆಯಿಂದ ಹೋಯಿತು. ನಾಲ್ಕು ಜನ ಬಿಚ್ಚಿ ಟಂಟಂ ಗಾಡಿಯಲ್ಲಿ ಪ್ರವಾಸಿ ಕೇಂದ್ರಕ್ಕೆ ಹೇರಿಕೊಂಡು ಹೋದರು. ಕಾಲು ಇಳಿಬಿಡುವ ಕುಣಿ ಮಾತ್ರ ಉಳಿದಿದೆ. ಮಧ್ಯಾಹ್ನ ಅದರಲ್ಲೇ ಕುಳಿತಿದ್ದೆ.

ಬಾದಾಮಿ, ಐಹೊಳೆ ನೋಡಲು ಬಂದವರು ನಮ್ಮೂರಲ್ಲೂ ಇಳಿಯಲಿ, ನೇಕಾರರಿಗೆ ಕೆಲಸ ಸಿಗಲಿ ಎಂದು ಓಣಿಯವರೆಲ್ಲ ಕೂಡಿ ಪ್ರವಾಸಿ ಕೇಂದ್ರ ಕಟ್ಟಿದ್ದು ನಿನಗೆ ಗೊತ್ತಿದೆ. ಅಲ್ಲಿ ನಿಮ್ಮಪ್ಪನ ಫೋಟೋ ಹಾಕಿದ್ದಾರೆ. ಸೀರೆಯ ಒಡಲಿಗೆ ಸೆರಗನ್ನು ಕೊಂಡಿ ಹಾಕಿ ಕೂಡಿಸುವುದರಲ್ಲಿ ಅಮಾತೆಪ್ಪನವರಂಥ ಕೈ ಇನ್ನೊಂದಿಲ್ಲ ಎಂದು ಕೆಳಗೆ ಬರೆಸಿದ್ದಾರೆ.

ಕೇಂದ್ರ ನೋಡಿಕೊಳ್ಳುವ ಸಂಗಮೇಶ, "ಚಂದವ್ವಾರ, ಬಂದವರ ಮುಂದ ಮಗ್ಗದಾಗ ಕುಂತು ನೇದು ತೋರ್ಸಾವ್ರು ಬೇಕ್ರಿ. ನಿಮಗ ಬರ್ತೈತೇನ್ರಿ?" ಎಂದ. ಬರುವುದಿಲ್ಲ ಎಂದೆ. ಹಾಗಾಗಿ ಮಗ್ಗ ನವೀದನ ಪಾಲಾಯಿತು. ನನಗೆ ಕಂಡಿಕೆಗೆ ನೂಲು ಸುತ್ತುವ ಕೆಲಸ.

ನವೀದ ನಿಮ್ಮಪ್ಪನ ಕೈಯಲ್ಲೇ ಕಲಿತವನು, ಒಳ್ಳೆಯವನು. ನಾನು ರಾಟಿ ತಿರುಗಿಸುವುದನ್ನು ನೋಡಿ, "ಕಾಕಿ, ಉಣ್ಣೂದೊಂದ ಬಲಗೈಲೆ, ಉಳದಿದ್ದೆಲ್ಲಾ ಎಡಗೈಲೆ! ಮಂದಿ ಮಗ್ಗ ಬಿಟ್ಟು ನಿಂದ ಫೋಟೋ ಹೊಡ್ಕೋತಾರ ನೋಡು" ಎಂದ. ಎಲ್ಲರೂ ನಕ್ಕರು, ನಾನೂ ನಕ್ಕೆ. ಎಡಗೈಯವರು ಮಗ್ಗ ಮುಟ್ಟಿದರೆ ಮನೆತನಕ್ಕೆ ಒಳ್ಳೆಯದಲ್ಲ ಎಂದು ನಿನ್ನ ಅಜ್ಜಿ ನನ್ನನ್ನು ದೂರ ಇಡುತ್ತಿದ್ದದ್ದು ನೆನಪಾಯಿತು.

ಅಪ್ಪನ ಗುರುತಿಗೆಂದು ನಿನ್ನ ಮದುವೆ ಸೀರೆಯನ್ನು ಕೇಂದ್ರದ ಗೋಡೆಗೆ ಹಾಕಲು ಕೇಳುತ್ತಿದ್ದಾರೆ. ಸಂಗಮೇಶ ಕಮತಗಿಯ ನಿನ್ನ ಮನೆಗೇ ಬಂದು ಕೇಳಬಹುದು. ಕೊಡಬೇಡ. ಬೆಳಕಿಗೆ ಬಣ್ಣ ಹೋಗುತ್ತದೆ.

ನಿನ್ನ ಅವ್ವ
ಚಂದವ್ವ

ಮರೆತ ಮಾತು: ಬಣ್ಣದ ಮಾತು ಸುಳ್ಳು, ಮಹೇಶ್ವರಿ. ನೀನು ಹುನಗುಂದದ ಹಾಸ್ಟೆಲಿನಲ್ಲಿದ್ದಾಗಲೇ ನಿಮ್ಮಪ್ಪನ ಕೈ ನಡುಗಲು ಶುರುವಾಗಿತ್ತು. ಆಮೇಲೆ ನೇಯ್ದವಳು ನಾನು. ಬಾಗಿಲು ಬಡಿದ ಸದ್ದಾದರೆ ನಾನು ಮಗ್ಗದಿಂದ ಏಳುತ್ತಿದ್ದೆ, ಅವರು ಕೂರುತ್ತಿದ್ದರು. ನನ್ನ ಎಡಗೈ ಹಾಕಿದ್ದರಿಂದ ನಿನ್ನ ಸೀರೆಯ ಕೊಂಡಿಗಳೆಲ್ಲ ಎಡಕ್ಕೆ ಹೊರಳಿವೆ. ನವೀದ ಒಂದೇ ನೋಟಕ್ಕೆ ಗುರುತು ಹಿಡಿಯುತ್ತಾನೆ. ಗೊತ್ತಾದರೆ ಮಗ್ಗ ನನ್ನ ಪಾಲಿಗೆ ಬರುತ್ತದೆ, ಆದರೆ ನಿಮ್ಮಪ್ಪನ ಫೋಟೋದ ಕೆಳಗಿನ ಬರಹ ಹೋಗುತ್ತದೆ. ಸೀರೆ ಪೆಟ್ಟಿಗೆಯಲ್ಲೇ ಇರಲಿ.

ನಾಳೆ ಹತ್ತು ಗಂಟೆಗೆ ಕೇಂದ್ರ ತೆರೆಯುತ್ತದೆ. ನಾನು ಒಂಬತ್ತಕ್ಕೇ ಹೋಗಿ ನವೀದನಿಗೆ ಕಂಡಿಕೆ ಸುತ್ತಿಡಬೇಕು.